ಮಥುರೆಯಲ್ಲಿ ಒಂದು ಭಾನುವಾರ

ಆಫೀಸ್ ಕೆಲಸಕ್ಕೆ ದೆಹಲಿಗೆ ಹೋದಾಗ ಒಂದು ಭಾನುವಾರ ಬಿಡುವು ಸಿಕ್ಕಿತು. ಜೊತೆಗಿದ್ದವರೆಲ್ಲ ಆಗ್ರಾಕ್ಕೆ ಹೊರಟರು, ನಾನು ದಾರಿಯಲ್ಲೇ ಮಥುರೆಯಲ್ಲಿ ಇಳಿದುಕೊಂಡೆ. ಕೃಷ್ಣನ ಊರು ಅನ್ನೋದು ಒಂದು ಕಾರಣ. ಇನ್ನೊಂದು, 1935ರ ನವೆಂಬರಿನಲ್ಲಿ ಇದೇ ರೈಲು ದಾರಿಯಲ್ಲಿ ಬಂದ, ಒಂಬತ್ತು ಇನ್ನೂ ತುಂಬದ ಹುಡುಗಿ ಶಾಂತಿ ದೇವಿ.

ದೆಹಲಿಯಲ್ಲಿ ಹುಟ್ಟಿದ ಈ ಹುಡುಗಿ ನಾಲ್ಕು ವರ್ಷದಿಂದಲೇ ‘ನನ್ನ ಮನೆ ಮಥುರೆಯಲ್ಲಿದೆ, ಗಂಡನಿಗೆ ಬಟ್ಟೆ ಅಂಗಡಿ ಇದೆ’ ಅನ್ನುತ್ತಿದ್ದಳಂತೆ. ವಿಚಾರಿಸಿದರೆ ಅಂಥ ವ್ಯಾಪಾರಿ ನಿಜವಾಗಿಯೂ ಇದ್ದರು! ಅವರ ಹೆಂಡತಿ ಲುಗ್ದಿ ದೇವಿ 1925ರಲ್ಲಿ ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡಿದ್ದರು. ಸುದ್ದಿ ಗಾಂಧೀಜಿಯವರೆಗೂ ಹೋಗಿ, ವಿಚಾರಣೆಗೆ ಒಂದು ಸಮಿತಿಯೇ ಆಯಿತು. ಸಮಿತಿಯವರು ಅವಳನ್ನು ಇಲ್ಲಿಗೆ ಕರೆತಂದರು. ದಾರಿ ಅವಳೇ ತೋರಿಸಿದಳು ಎಂದು ವರದಿ ಬರೆದರು. ಆಗಲೇ ಅದನ್ನು ಒಪ್ಪದವರೂ ಇದ್ದರು.

ದ್ವಾರಕಾಧೀಶ ದೇವಸ್ಥಾನದ ಸುತ್ತ ಗಲ್ಲಿಗಳೋ, ಎರಡು ಬೈಕ್ ಎದುರುಬದುರಾದರೆ ಮುಗೀತು. ಪೇಡ ಅಂಗಡಿಯವರನ್ನು ಶಾಂತಿ ದೇವಿ ಬಗ್ಗೆ ಕೇಳಿದೆ. ‘ಯಾವ ಶಾಂತಿ?’ ಅಂದು ಅರ್ಧ ಕಿಲೋ ಕಟ್ಟಿಕೊಟ್ಟರು. ನಮ್ಮ ಧಾರವಾಡದ ಪೇಡದ ಹಾಗೇ ಕಂದು ಬಣ್ಣ.

ವಿಶ್ರಾಮ್ ಘಾಟ್‌ನ ಮೆಟ್ಟಿಲ ಮೇಲೆ ಕೂತಾಗ ನನ್ನನ್ನು ಕಾಡಿದ್ದು ಒಂದೇ ವಿಷಯ. ಆ ವ್ಯಾಪಾರಿ ಮಗನನ್ನು ಕರೆದುಕೊಂಡು ದೆಹಲಿಗೆ ಬಂದಾಗ, ತನಗಿಂತ ಒಂದು ವರ್ಷ ದೊಡ್ಡ ಹುಡುಗನನ್ನು ‘ನನ್ನ ಮಗ’ ಅಂತ ಅಪ್ಪಿಕೊಂಡು ಆ ಮಗು ಅತ್ತಿತ್ತಂತೆ. ಮುಂದೆ ಶಾಂತಿ ದೇವಿ ಮದುವೆಯಾಗಲೇ ಇಲ್ಲ. 1987ರಲ್ಲಿ ತೀರಿಕೊಂಡರು.

ಅಮೆರಿಕದ ಮನೋವೈದ್ಯ ಇಯಾನ್ ಸ್ಟೀವನ್ಸನ್, ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರಿಚಾ ಇಂಥ ಎಷ್ಟೋ ಮಕ್ಕಳ ಮಾತನ್ನು ದಾಖಲಿಸಿದ್ದಾರೆ. ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಈ ಮಾತು ಶುರುವಾಗುತ್ತೆ, ಏಳೆಂಟು ವರ್ಷದ ಹೊತ್ತಿಗೆ ಮಕ್ಕಳು ಅದನ್ನು ಬಿಟ್ಟುಬಿಡುತ್ತಾರೆ. ದೊಡ್ಡವರು ಕೇಳೋ ಪ್ರಶ್ನೆಯಲ್ಲೇ ಉತ್ತರ ಸೇರಿಕೊಂಡಿರುತ್ತೆ ಅನ್ನೋದು ಒಪ್ಪದವರ ವಾದ.

ಇದೆಲ್ಲ ನನಗ್ಯಾಕೆ ಅಂದರೆ, ನಮ್ಮನೆಯಲ್ಲೂ ಒಂದು ನಾಲ್ಕು ವರ್ಷದ ಪುಟ್ಟಿ ಇದ್ದಾಳೆ, ಅಕ್ಕನ ಮಗಳು. ಅಜ್ಜಿ ಹೋದ ಮರುವರ್ಷ ಹುಟ್ಟಿದವಳು. ಒಂದು ದಿನ ‘ನಂಗೆ ಮೊದ್ಲು ಹಸು ಇತ್ತು’ ಅಂದಳು. ಅಮ್ಮ ತಕ್ಷಣ ‘ಗೌರಿ ಅಲ್ವಾ ಅದರ ಹೆಸರು?’ ಅಂದರು. ಪುಟ್ಟಿ ಹೂಂ ಅಂದಳು. ಅಂದಿನಿಂದ ಅಮ್ಮನಿಗೆ ಅವಳೇ ‘ಅವ್ವ’. ಬಂದವರ ಮುಂದೆಲ್ಲ ‘ಹಸು ಹೆಸರು ಹೇಳು’ ಅಂತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ಪುಟ್ಟಿ ಅವರ ಮುಖವನ್ನೇ ನೋಡುತ್ತಾಳೆ.

ಪುನರ್ಜನ್ಮ ಇದೆಯೋ ಇಲ್ಲವೋ, ಘಾಟ್‌ನಲ್ಲಿ ಕೂತು ನಾನು ತೀರ್ಮಾನಿಸಲಾರೆ. ಆದರೆ ಒಂದು ಮಗುವಿಗೆ ಅದರದೇ ಬಾಲ್ಯ ಇರಬೇಕಲ್ವಾ?

ಅಲ್ಲಿಂದಲೇ ಫೋನ್ ಮಾಡಿದೆ. ‘ಅಮ್ಮಾ, ಅಜ್ಜಿ ಕಥೆ ಅವಳಿಗೆ ಎಷ್ಟು ಬೇಕಾದ್ರೂ ಹೇಳು. ನೀನೇ ಅಜ್ಜಿ ಅನ್ನೋದು ಮಾತ್ರ ಬೇಡ.’

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, ‘ಆ ಹಸು ಹೆಸರು ನಾನೇ ಹೇಳ್ಬಿಟ್ಟೆ, ಅಲ್ವಾ?’ ಅಂದರು.