ತಾರಿ ದಾಟುವ ರಜೆ

ರಜೆ ಸಿಕ್ಕರೆ ಸಮುದ್ರದ ಕಡೆ ಓಡುವವರಲ್ಲಿ ನಾನೂ ಒಬ್ಬ. ಆದರೆ ದಂಡೆಯಲ್ಲಿ ಚಾಪೆ ಹಾಸಿ ಸೂರ್ಯ ಮುಳುಗುವುದನ್ನು ಕಾಯುವ ಜಾತಿ ನನ್ನದಲ್ಲ. ಸೂರ್ಯ ನಮ್ಮ ಹುಬ್ಬಳ್ಳಿಯಲ್ಲೂ ಮುಳುಗುತ್ತಾನೆ. ಉಣಕಲ್ ಕೆರೆಯ ದಂಡೆಯಿಂದ ನೋಡಿದರೆ ಸಾಕಷ್ಟು ಚಂದವಾಗಿಯೇ ಮುಳುಗುತ್ತಾನೆ. ನನಗೆ ಬೇಕಾದದ್ದು ಒಂದು ಅಳಿವೆ, ಅದರ ಈ ದಡದಿಂದ ಆ ದಡಕ್ಕೆ ಹೋಗುವ ಒಂದು ದೋಣಿ, ಆ ದೋಣಿ ತುಂಬ ತಂತಮ್ಮ ಕೆಲಸಕ್ಕೆ ಹೊರಟ ಜನ. ಅವರ ನಡುವೆ ಯಾವ ಕೆಲಸವೂ ಇಲ್ಲದವನು ನಾನೊಬ್ಬನೇ ಎಂಬುದರಲ್ಲಿ ಒಂದು ಸುಖವಿದೆ. ಖಾಲಿ ದಂಡೆಯಲ್ಲಿ ಕೂತರೆ ಆ ಸುಖ ಸಿಗುವುದಿಲ್ಲ.

ಈ ಗೀಳಿಗೆ ಉತ್ತರ ಕನ್ನಡದಷ್ಟು ಒದಗಿಬರುವ ಜಿಲ್ಲೆ ನಮ್ಮಲ್ಲಿ ಇನ್ನೊಂದಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ನಾಲ್ಕೂ ಘಟ್ಟದಿಂದ ಹಾರಿ, ಕಲ್ಲಿಗೆ ಬಡಿದುಕೊಂಡು ಬಂದು, ಸಮುದ್ರದ ಉಪ್ಪು ನಾಲಗೆಗೆ ತಾಕಿದೊಡನೆ ಅವಸರ ಬಿಟ್ಟು ಅಗಲವಾಗುತ್ತವೆ. ಹೆದ್ದಾರಿ 66 ಈ ನಾಲ್ಕನ್ನೂ ಸೇತುವೆಯ ಮೇಲೆ ದಾಟಿಸಿಬಿಡುತ್ತದೆ. ಕಾರಿನಲ್ಲಿ ಹೋದರೆ ಒಂದು ನದಿಗೆ ಒಂದು ನಿಮಿಷ ಸಿಕ್ಕರೆ ದೊಡ್ಡದು. 1998ರ ಜನವರಿ 26ರಂದು ಪೂರ್ತಿ ತೆರೆದುಕೊಂಡ ಕೊಂಕಣ ರೈಲು ಈ ವಿಷಯದಲ್ಲಿ ಹೆಚ್ಚು ಉದಾರಿ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಅದರ ಸೇತುವೆ ಎರಡು ಕಿಲೋಮೀಟರಿಗೂ ತುಸು ಹೆಚ್ಚು ಉದ್ದವಿದೆ. ಗಾಡಿ ಅದರ ಮೇಲೆ ಏರಿದ ಕೂಡಲೇ ಅದುವರೆಗೆ ಇಸ್ಪೀಟು ಆಡುತ್ತಿದ್ದವರೂ ಎಲೆ ಮಗುಚಿಟ್ಟು ಕಿಟಕಿಗೆ ಬರುತ್ತಾರೆ. ಆದರೂ ಅಷ್ಟು ಎತ್ತರದಿಂದ ನೀರಿನ ವಾಸನೆ ಬರುವುದಿಲ್ಲ.

ಹುಬ್ಬಳ್ಳಿಯಿಂದ ಹೊರಟ ನಮಗೆ ಗಂಗಾವಳಿ ಮನೆಯ ನದಿ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟಿದ ಶಾಲ್ಮಲೆ ಬೇಡ್ತಿಗೆ ಸೇರುತ್ತದೆ. ಬೇಡ್ತಿ ಯಲ್ಲಾಪುರದ ಮಾಗೋಡಿನಲ್ಲಿ ಧುಮುಕಿ, ಕೆಳಗಿಳಿದು ಗಂಗಾವಳಿಯಾಗುತ್ತದೆ. ಅವಳಿನಗರದ ಗಟಾರದ ನೀರನ್ನೂ ಪಾಪ ಅದೇ ಹೊತ್ತು ತರುತ್ತದೆ. ಅರಬೈಲ್ ಘಟ್ಟ ಇಳಿದ ಮೇಲೆ ರಸ್ತೆಯ ಪಕ್ಕದಲ್ಲಿ ಮರಗಳ ಸಂದಿಯಿಂದ ಆಗಾಗ ಕಾಣಿಸಿಕೊಳ್ಳುವ ಈ ನದಿಗೆ ಕೈಮುಗಿಯಬೇಕೋ ಕ್ಷಮೆ ಕೇಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಅದರ ಅಳಿವೆಯಲ್ಲಿ, ಮಂಜಗುಣಿಗೂ ಗಂಗಾವಳಿ ಊರಿಗೂ ನಡುವೆ, ಮೊದಲೆಲ್ಲ ದೋಣಿ, ಬಾರ್ಜುಗಳದೇ ಕಾರುಬಾರು. ಅಲ್ಲಿಂದ ಬಂಕಿಕೊಡ್ಲ, ಹನೇಹಳ್ಳಿ ದೂರವಿಲ್ಲ. ಹನೇಹಳ್ಳಿ ಎಂಬ ಬೋರ್ಡು ಕಂಡಾಗ ಯಶವಂತ ಚಿತ್ತಾಲರನ್ನು ಓದಿದವರಿಗೆ ಆಗುವ ಸಂಭ್ರಮವೇ ಬೇರೆ. ಕತೆಗಳಲ್ಲಿ ಅಷ್ಟು ದೊಡ್ಡದಾಗಿದ್ದ ಊರು ಬಸ್ಸಿನ ಕಿಟಕಿಯಲ್ಲಿ ಇಷ್ಟು ಬೇಗ ಮುಗಿಯಿತೇ ಎಂದು ತುಸು ಮುನಿಸೂ ಬರುತ್ತದೆ.

ನನ್ನ ಅಚ್ಚುಮೆಚ್ಚಿನದು ಮಾತ್ರ ತದಡಿ.

ಗೋಕರ್ಣಕ್ಕೆ ಬಂದವರು ಸಾಮಾನ್ಯವಾಗಿ ಎರಡು ಪಂಗಡ. ಕೋಟಿತೀರ್ಥದಲ್ಲಿ ಮಿಂದು ಮಹಾಬಲೇಶ್ವರನ ದರ್ಶನಕ್ಕೆ ಸಾಲು ನಿಲ್ಲುವವರದು ಒಂದು. ಕುಡ್ಲೆ, ಓಂ ದಂಡೆಗಳಲ್ಲಿ ಅಂಗಿ ಬಿಚ್ಚಿ ಮಲಗುವವರದು ಇನ್ನೊಂದು. ರಥಬೀದಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕುತೂಹಲದಿಂದ ನೋಡುತ್ತ, ಒಂದೇ ಅಂಗಡಿಯಲ್ಲಿ ಎಳನೀರು ಕುಡಿಯುತ್ತಾರೆ. ಮೂರನೆಯ ಪಂಗಡದವನಾದ ನಾನು ಬೆಳಿಗ್ಗೆ ತದಡಿಯ ಬಸ್ಸು ಹತ್ತುತ್ತೇನೆ. ತದಡಿ ಮೀನುಗಾರಿಕೆಯ ಬಂದರು. ಧಕ್ಕೆಗೆ ಬೋಟು ಬಂದು ನಿಂತಿದ್ದರೆ ಕೂಗು, ಐಸು, ಬುಟ್ಟಿ, ಕಾಗೆ, ಹದ್ದು ಎಲ್ಲ ಒಟ್ಟಿಗೆ ಏಳುತ್ತವೆ. ಬಂಗಡೆಯ ರಾಶಿಯ ಸುತ್ತ ಹೆಂಗಸರು ಸವಾಲು ಕೂಗುವ ವೇಗ ನನ್ನ ಬಯಲುಸೀಮೆಯ ಕಿವಿಗೆ ಹಿಡಿತಕ್ಕೆ ಸಿಗುವುದೇ ಇಲ್ಲ. ಕನ್ನಡ, ಕೊಂಕಣಿ ಎರಡೂ ಕಲಸಿ ಹೋಗಿ, ಕೊನೆಗೆ ಕೈಬೆರಳುಗಳಿಂದ ಮಾತ್ರ ವ್ಯಾಪಾರ ಮುಗಿದದ್ದು ತಿಳಿಯುತ್ತದೆ.

ಅದರ ಪಕ್ಕದಿಂದಲೇ ಅಘನಾಶಿನಿ ಊರಿಗೆ ತಾರಿ. ದೋಣಿ ಬರುವ ತನಕ ಕಾಯಬೇಕು. ಈ ಕಾಯುವುದೇ ಅರ್ಧ ಪ್ರವಾಸ. ಒಬ್ಬಾಕೆ ಮೀನಿನ ಬುಟ್ಟಿ ಇಳಿಸಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾಳೆ. ಹೊಸ ಬೈಕಿನ ಹುಡುಗನೊಬ್ಬ ಅದನ್ನು ದೋಣಿಗೆ ಹತ್ತಿಸುವಾಗ ಬಣ್ಣ ಕೆರೆಯದಿರಲಿ ಎಂದು ಎಲ್ಲರಿಗೂ ಸೂಚನೆ ಕೊಡುತ್ತಾನೆ, ಯಾರೂ ಕೇಳುವುದಿಲ್ಲ. ಕುಮಟೆಯಿಂದ ಗೋಕರ್ಣಕ್ಕೆ ದಂಡೆಗುಂಟ ನಡೆಯುವ ಬೆಂಗಳೂರಿನ ಹುಡುಗ ಹುಡುಗಿಯರು ಬೆನ್ನಮೇಲೆ ತಮ್ಮಷ್ಟೇ ಎತ್ತರದ ಚೀಲ ಹೊತ್ತು ಆಚೆಯಿಂದ ಬಂದು ಇಳಿಯುತ್ತಾರೆ. ರಸ್ತೆಯಲ್ಲಿ ಹೋಗುವುದಾದರೆ ಮಿರ್ಜಾನಿನ ಮೇಲೆ ಸುತ್ತಬೇಕು. ನೀರಿನ ಮೇಲೆ ಎಲೆಯಡಿಕೆ ಹಾಕಿಕೊಂಡು ಉಗುಳುವಷ್ಟರಲ್ಲಿ ಆಚೆ ದಡ.

ಅಷ್ಟು ಸಣ್ಣ ಹಾದಿಯಲ್ಲಿ ನೋಡುವುದು ಏನಿದೆ ಎಂದು ಕೇಳುವವರಿಗೆ ನಾನು ಎರಡು ಸಲ ದಾಟಿ ಎನ್ನುತ್ತೇನೆ, ಒಮ್ಮೆ ಉಬ್ಬರದಲ್ಲಿ, ಒಮ್ಮೆ ಇಳಿತದಲ್ಲಿ. ಎರಡೂ ಒಂದೇ ನದಿ ಎಂದರೆ ನಂಬುವುದು ಕಷ್ಟ. ಉಬ್ಬರದಲ್ಲಿ ಸಮುದ್ರವೇ ಮೇಲೇರಿ ಬಂದು ಕಾಂಡ್ಲಾ ಗಿಡಗಳ ಸೊಂಟದವರೆಗೆ ತುಂಬಿರುತ್ತದೆ. ಆರು ತಾಸು ಕಳೆದು ಬಂದರೆ ಅದೇ ಗಿಡಗಳು ಬೇರುಗಳ ಮೇಲೆ ನಿಂತಿರುತ್ತವೆ, ನಡುವೆ ಕೆಸರಿನ ದಿಬ್ಬ ಎದ್ದಿರುತ್ತದೆ, ದಿಬ್ಬದ ಮೇಲೆ ಬಗ್ಗಿ ಬಳಚಿನ ಚಿಪ್ಪು ಹೆಕ್ಕುವ ಜನ. ಉಬ್ಬರ ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗಿ ಬರುವುದರಿಂದ ನಿನ್ನೆಯ ಗಡಿಯಾರ ಇವತ್ತಿಗೆ ಬರುವುದಿಲ್ಲ. ಇಲ್ಲಿಯ ಹಿರಿಯರು ತಿಥಿ ಕೇಳಿ ನೀರಿನ ಹೊತ್ತು ಹೇಳುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಏರಿಳಿತ ಜೋರು, ಅಷ್ಟಮಿಯ ಆಸುಪಾಸಿನಲ್ಲಿ ಸಪ್ಪೆ. ನಾನೂ ಈಗ ರಜೆಯ ಅರ್ಜಿ ಹಾಕುವ ಮೊದಲು ಪಂಚಾಂಗ ತೆಗೆಯುತ್ತೇನೆ. ಕಚೇರಿಯಲ್ಲಿ ನನ್ನನ್ನು ಭಾರೀ ದೈವಭಕ್ತ ಎಂದುಕೊಂಡಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ಅಘನಾಶಿನಿಯ ಈ ಆಟ ಹೀಗೆ ಉಳಿದಿರುವುದಕ್ಕೆ ಕಾರಣ, ಸಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಹಾರಿ, ಇಲ್ಲಿ ಕಡಲು ಸೇರುವ ತನಕ ಅದಕ್ಕೆ ಅಡ್ಡಲಾಗಿ ಒಂದೂ ದೊಡ್ಡ ಅಣೆಕಟ್ಟು ಇಲ್ಲದಿರುವುದು. ಲಿಂಗನಮಕ್ಕಿಯನ್ನು ಹೊತ್ತ ಶರಾವತಿಗೆ, ಸೂಪಾ, ಕದ್ರಾಗಳನ್ನು ಹೊತ್ತ ಕಾಳಿಗೆ ಈ ಭಾಗ್ಯವಿಲ್ಲ. ಸಿಹಿನೀರು, ಉಪ್ಪುನೀರು ತಮ್ಮ ತಮ್ಮ ಲೆಕ್ಕದಲ್ಲಿ ಕೂಡುವುದರಿಂದಲೇ ಬಳಚು, ಶೆಟ್ಲಿ, ಏಡಿ. ಅದರಿಂದಲೇ ಗಜನಿಯ ಹೊಲಗಳಲ್ಲಿ ಉಪ್ಪು ತಡೆದುಕೊಂಡು ಬೆಳೆಯುವ ಕಗ್ಗ ಭತ್ತ. ಹತ್ತಿರದ ಸಾಣಿಕಟ್ಟೆಯಲ್ಲಿ ಇದೇ ನೀರು ಬಿಸಿಲಿಗೆ ಉಪ್ಪಾಗುತ್ತದೆ. 2024ರಲ್ಲಿ ಈ ಅಳಿವೆಯನ್ನು ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿಸಿದರು. ಬುಟ್ಟಿಯಾಕೆಗೆ ಆ ಸುದ್ದಿ ಹೇಳಿದೆ. ಬಳಚಿನ ದರ ಏರಿತೇ ಎಂದು ಕೇಳಿದಳು.

ನನ್ನ ಹೆಂಡತಿಗೆ ಮೊದಮೊದಲು ಇದೆಲ್ಲ ಹುಚ್ಚಾಟವಾಗಿ ಕಂಡಿತ್ತು. ಆಚೆ ದಡ ಬಂದು ಎಲ್ಲರೂ ಇಳಿದರೂ ನಾನು ಹಲಗೆ ಬಿಟ್ಟು ಏಳದಿದ್ದಾಗ, “ಏನ್ರೀ, ಇಳಿಯೂದಿಲ್ಲೇನು?” ಎಂದಳು. ಇದೇ ದೋಣಿಯಲ್ಲಿ ವಾಪಸು ಎಂದೆ. ಟಿಕೆಟಿನವನು ಮತ್ತೆ ದುಡ್ಡು ಇಸಿದುಕೊಳ್ಳುತ್ತ ನನ್ನನ್ನೂ ಆಕೆಯನ್ನೂ ಮರುಕದಿಂದ ನೋಡಿದ. ಮರಳುವಾಗ ಆಕೆ ಪಕ್ಕದ ಅಜ್ಜಿಯೊಡನೆ ಮಾತಿಗೆ ಬಿದ್ದಳು. ಒಣಮೀನು ಎಲ್ಲಿ ಒಳ್ಳೆಯದು ಎಂಬಲ್ಲಿ ಶುರುವಾಗಿ, ಅಜ್ಜಿಯ ಮೊಮ್ಮಗಳಿಗೆ ಅಂಕೋಲೆಯ ವರ ಬಂದಿರುವಲ್ಲಿಗೆ ಮುಟ್ಟುವಷ್ಟರಲ್ಲಿ ಧಕ್ಕೆ ಬಂತು. ಮಾತು ಮುಗಿದಿರಲಿಲ್ಲ. ಮರುದಿನ ಬೆಳಿಗ್ಗೆ ತಾರಿಗೆ ಹೊರಡೋಣವೇ ಎಂದು ಕೇಳಿದವಳು ಅವಳೇ.

ನಾನು ಆ ಅಜ್ಜಿಗೆ, ಇಲ್ಲಿ ಸೇತುವೆ ಬಾರದಿದ್ದರೇ ಚೆನ್ನ ಎಂದುಬಿಟ್ಟಿದ್ದೆ. “ನಿಮ್ಗೆ ಚಂದ ತಮಾ, ಎರಡು ದಿನಕ್ಕೆ ಬಂದವ್ರು. ಮಳೆಗಾಲದ ರಾತ್ರಿ ಮನೇಲಿ ಬಸುರಿಗೆ ನೋವು ಬಂದ್ರೆ ದೋಣಿ ಎಲ್ಲಿಂದ ತರೂದು?” ಎಂದಳು. ಉತ್ತರ ಕೊಡುವ ಧೈರ್ಯ ಬರಲಿಲ್ಲ. ಮಳೆಗಾಲ ಇಲ್ಲಿ ಕವಿತೆಯ ವಸ್ತುವಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜರಿದು ಜನರನ್ನೂ ಲಾರಿಯನ್ನೂ ಗಂಗಾವಳಿಗೆ ತಳ್ಳಿತು. ಮರುತಿಂಗಳು ಕಾಳಿಯ ಹಳೆಯ ಸೇತುವೆಯೇ ನಡುರಾತ್ರಿ ಕುಸಿಯಿತು. ದಾಟುವುದು ನನಗೆ ಆಟ, ಅವರಿಗೆ ದಿನದ ಲೆಕ್ಕ. ಸೇತುವೆ ಬಂದರೆ ಬರಲಿ. ದೋಣಿಯೂ ಇರಲಿ ಎಂದು ಒಳಗೊಳಗೇ ಆಸೆಪಡುವುದನ್ನು ಮಾತ್ರ ಬಿಡಲಾರೆ.

ಕಾಳಿಯ ವಿಷಯ ಬಂತು. ಅಲ್ಲಿ ನನಗಿಂತ ಮುಂಚೆ ಒಬ್ಬ ದೊಡ್ಡ ಗೀಳಿನವರು ಬಂದು ಹೋಗಿದ್ದಾರೆ. ಐಸಿಎಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಮೊದಲ ವರ್ಷಗಳಲ್ಲಿ, ತಮ್ಮ ರವೀಂದ್ರ ಅಣ್ಣನ ಮನೆಗೆ ಬಂದಿದ್ದ. ಇಪ್ಪತ್ತು ದಾಟಿದ ಹುಡುಗ. ಬೆಳದಿಂಗಳ ರಾತ್ರಿಯಲ್ಲಿ ಸಣ್ಣ ದೋಣಿಯಲ್ಲಿ ಕಾಳಿಯ ಮೇಲಕ್ಕೆ ಹೋಗಿ, ಶಿವಾಜಿಯ ಕಾಲದ ಹಳೆ ಕೋಟೆಯ ಬಳಿ ಇಳಿದು, ರೈತನೊಬ್ಬನ ಅಂಗಳದಲ್ಲಿ ಉಂಡು, ಹರಿವಿನೊಡನೆ ಕೆಳಗೆ ಬಂದು, ಅಳಿವೆಯಲ್ಲಿ ಇಳಿದು ಮರಳ ಮೇಲೆ ನಡೆಯುತ್ತ ಮನೆ ಸೇರಿದ್ದನ್ನು ಮುಂದೆ ನೆನಪುಗಳಲ್ಲಿ ಬರೆದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದೂ ಕಾರವಾರದಲ್ಲೇ. ಊರವರು ದಂಡೆಗೆ ಅವರ ಹೆಸರಿಟ್ಟಿದ್ದಾರೆ. ನನ್ನನ್ನು ಕೇಳಿದ್ದರೆ ದೋಣಿಗೆ ಇಡಿ ಎನ್ನುತ್ತಿದ್ದೆ.

ಮುರುಡೇಶ್ವರವನ್ನೂ ನೋಡಿದ್ದೇವೆ, ಇಲ್ಲವೆಂದರೆ ನೆಂಟರು ಬಿಡುವುದಿಲ್ಲ. 123 ಅಡಿಯ ಶಿವ, ಇಪ್ಪತ್ತು ಅಂತಸ್ತಿನ ಗೋಪುರ, ಲಿಫ್ಟು. ಮೇಲಿನಿಂದ ಕಂಡದ್ದರಲ್ಲಿ ನನಗೆ ನೆನಪಿರುವುದು ಮೀನುದೋಣಿಗಳ ಸಾಲು.

ಹೋಗುವುದಾದರೆ ಮೇ ತಿಂಗಳು ಒಳ್ಳೆಯದು. ಬೆವರು ಸುರಿಯುತ್ತದೆ, ನಿಜ. ಅದಕ್ಕೆ ಮುರುಗಲು ಪಾನಕ ಇದೆ. ಜೂನ್ ಒಂದಕ್ಕೆ ಬೋಟುಗಳು ಧಕ್ಕೆಗೆ ಕಟ್ಟಿಹಾಕಿಸಿಕೊಳ್ಳುತ್ತವೆ, ಅದಕ್ಕೂ ಮೊದಲು ಹೋಗಿ. ಅಂಕೋಲೆಯ ಕರಿ ಇಶಾಡು ಮಾವು ಹಣ್ಣಾಗುವುದು ಆಗಲೇ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಬಂದ ಮೇಲೆ ಮಾರುವ ಹಾಲಕ್ಕಿ ಹೆಂಗಸರ ಧ್ವನಿಯಲ್ಲಿ ಹುಸಿ ಗಾಂಭೀರ್ಯ ಸೇರಿದೆ ಎಂದು ನನ್ನ ಗುಮಾನಿ. ಕುಮಟೆಯ ಹಂದಿಗೋಣ, ಅಳ್ವೆಕೋಡಿಯ ಬಳಿ ಹೆದ್ದಾರಿಯ ಎರಡೂ ಬದಿಗೆ ಸಿಹಿ ಈರುಳ್ಳಿಯ ಗೊಂಚಲುಗಳನ್ನು ತೂಗುಹಾಕಿರುತ್ತಾರೆ. ಹುಬ್ಬಳ್ಳಿಯ ಮಾರುಕಟ್ಟೆಗೆ ಬರುವ ಈರುಳ್ಳಿಯ ರಾಶಿಯ ನಡುವೆ ಬೆಳೆದವನು ಅಲ್ಲಿ ಇಳಿದು ಈರುಳ್ಳಿ ಕೊಳ್ಳುವುದೆಂದರೆ ಊರಿನವರ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಆದರೂ ಕೊಳ್ಳುತ್ತೇವೆ. ಬಸ್ಸಿನ ಕಂಡಕ್ಟರು ಗೊಂಚಲುಗಳನ್ನು ನೋಡಿ ಲಗೇಜು ಚೀಟಿ ಹರಿಯಲು ಹೊರಟ. ಹೆಂಡತಿ ಒಂದು ಗೊಂಚಲು ಬಿಚ್ಚಿ ಅವನ ಕೈಗೆ ಎರಡು ಗಡ್ಡೆ ಇಟ್ಟು, “ಮೊದ್ಲ ರುಚಿ ನೋಡ್ರಿ ಅಣ್ಣಾರ, ಆಮ್ಯಾಲೆ ಚೀಟಿ ಹರೀರಿ” ಎಂದಳು. ಅವನು ಒಂದನ್ನು ಜೇಬಿಗೆ ಹಾಕಿಕೊಂಡು ಯಲ್ಲಾಪುರದ ತನಕ ಇನ್ನೊಂದನ್ನು ಹಸಿಹಸಿಯಾಗಿ ತಿನ್ನುತ್ತ ಬಂದ.