‘ದೇಹಮೆ ಎನ್ ಪಾಸ್!’ – ಸೆವಿಲ್‌ನಲ್ಲಿ ಕಲಿತ ಪಾಠ

ಸ್ಪೇನಿಗೆ ಹೋದರೆ ಮೊದಲು ಯಾವ ಮಾತು ಕಲಿಯಬೇಕು ಗೊತ್ತೇ, ಗೆಳೆಯರೇ? ‘ನಿನ್ನನ್ನು ಪ್ರೀತಿಸ್ತೀನಿ’ ಅನ್ನೋದಲ್ಲ. ‘ನನ್ನ ಪಾಡಿಗೆ ನನ್ನ ಬಿಟ್ಬಿಡಿ’ ಅನ್ನೋದು!

ಹಾಡೊಂದರ ಚಿತ್ರೀಕರಣಕ್ಕೆ ಹೊರಟ ತಂಡದ ಜತೆ ನಾನೂ ಸೆವಿಲ್ ನಗರಕ್ಕೆ ಹೋಗಿದ್ದೆ. ಅಲ್ಲಿನ ಪ್ಲಾಸಾ ದೆ ಎಸ್ಪಾನ್ಯಾ ನೋಡಬೇಕೆಂಬುದು ನನ್ನ ಬಹುದಿನದ ಆಸೆ. 1929ರ ವಸ್ತುಪ್ರದರ್ಶನಕ್ಕೆಂದು ಕಟ್ಟಿದ ಅರ್ಧಚಂದ್ರಾಕಾರದ ಭಾರೀ ಸೌಧ ಅದು. 1962ರ ‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರದ ಕೈರೋ ದೃಶ್ಯದಲ್ಲಿ ಕಾಣುವುದು ಇದೇ. 2002ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲೂ ಇದೆ.

ಆದರೆ ಮೊದಲ ದಿನವೇ ದೊಡ್ಡ ಚರ್ಚಿನ ಎದುರು ಸಿಕ್ಕಿಬಿದ್ದೆ. ಅಜ್ಜಿಯೊಬ್ಬಳು ರೋಸ್‌ಮೇರಿ ಗಿಡದ ಪುಟ್ಟ ಕಡ್ಡಿಯೊಂದನ್ನು ನನ್ನ ಕೈಗೆ ತುರುಕಿದಳು. ಬಿಟ್ಟಿ ಅಂದುಕೊಂಡೆ. ತಕ್ಷಣ ಅಂಗೈ ಹಿಡಿದು ಕಣಿ ಶುರು! ನಾಣ್ಯ ಕೊಟ್ಟರೆ ಬೇಡವಂತೆ, ನೋಟೇ ಬೇಕಂತೆ. ಐದು ಯೂರೋ ಹೋಯಿತು. ನನ್ನಂಥವನಿಗೆ ಅದು ಒಂದು ಹೊತ್ತಿನ ಊಟ.

ಹೋಟೆಲಿನ ಹಿರಿಯ ಗುಮಾಸ್ತರು ಕೇಳಿ ನಕ್ಕರು. ಅವರ ಉಪದೇಶ ಇಷ್ಟು: ಕಡ್ಡಿ ಮುಟ್ಟಬೇಡ, ನಿಲ್ಲಬೇಡ. ನಡೀತಾನೇ ‘ನೋ, ಗ್ರಾಸಿಯಾಸ್’ ಅನ್ನು, ಬೇಡ, ಥ್ಯಾಂಕ್ಸ್ ಅಂತ. ಆಗಲೂ ಬಿಡದಿದ್ದರೆ ‘ದೇಹೆಮೆ ಎನ್ ಪಾಸ್’. ಪಾಸ್ ಅಂದರೆ ಶಾಂತಿ. ನನ್ನನ್ನು ನೆಮ್ಮದಿಯಾಗಿರಲು ಬಿಡಿ ಎಂದರ್ಥ. ಮ್ಯಾಡ್ರಿಡ್‌ನಲ್ಲಾದರೆ ನಾಲಿಗೆ ಹಲ್ಲಿಗಿಟ್ಟು ‘ಪಾತ್’ ಅಂತಾರೆ. ಓರಗೆಯವರಿಗೆ ‘ದೇಹಮೆ’, ಹಿರಿಯರಿಗೆ, ಅಪರಿಚಿತರಿಗೆ ‘ದೇಹೆಮೆ’. ಥೇಟ್ ನಮ್ಮ ‘ಬಿಡು’, ‘ಬಿಡಿ’! ‘ಲಾರ್ಗತೆ’ ಅಂದರೆ ತೊಲಗು. ಅದು ಜಗಳಕ್ಕೆ ಕರೆದ ಹಾಗೆ. ನಿಜವಾದ ಅಪಾಯ ಬಂದರೆ ಫೋನ್ ನಂಬರ್ 112.

ಮರುದಿನ ಬೆಳಿಗ್ಗೆ ಅದೇ ಅಜ್ಜಿ, ಅದೇ ಕಡ್ಡಿ. ಕೈ ಜೇಬಲ್ಲಿಟ್ಟುಕೊಂಡು ‘ದೇಹೆಮೆ ಎನ್ ಪಾಸ್, ಸೆನ್ಯೊರಾ’ ಅಂದೆ. ಅಜ್ಜಿ ಭುಜ ಕುಣಿಸಿ ಬೇರೆಯವರ ಕಡೆ ಹೊರಟಳು. ನನಗೋ ಚಿನ್ನದ ಪದಕ ಗೆದ್ದಷ್ಟು ಖುಷಿ!

ಸಂಜೆ ಪ್ಲಾಸಾದಲ್ಲಿ ನಮ್ಮ ತಂಡದ ಹುಡುಗನೊಬ್ಬ ಜತೆಗಿದ್ದ. ಹೆಂಚಿನ ಚಿತ್ತಾರದ ಕಟ್ಟೆಯ ಮೇಲೆ ಒಬ್ಬಳು ಯುವತಿ ಓದುತ್ತಾ ಕೂತಿದ್ದಳು. 2011ರ ‘ಜಿಂದಗಿ ನಾ ಮಿಲೇಗಿ ದೋಬಾರಾ’ ನೋಡಿದವನಲ್ಲವೇ, ಇವನು ‘ಸೆನ್ಯೊರೀತಾ’ ಅಂತ ಶುರು ಮಾಡಿದ. ಅವಳು ಎದ್ದು ಬೇರೆ ಕಟ್ಟೆಗೆ ಹೋದಳು. ಇವನೂ ಹೋದ. ನಾನೂ ನಗುತ್ತಾ ಹಿಂದೆ ಹೋದೆ. ಅವಳು ತಿರುಗಿ ನಿಂತು ಅಂದಳು: ‘ದೇಹಮೆ ಎನ್ ಪಾಸ್!’

“ಏನಂದ್ಲು ಗುರೂ?”

“ನನ್ನ ಪಾಡಿಗೆ ನನ್ನ ಬಿಡು ಅಂದ್ಲು ಕಣೋ.”

“ಅಯ್ಯೋ, ನಮ್ ಪಿಕ್ಚರ್‌ನಲ್ಲೂ ಮೊದ್ಲು ಹಂಗೇ ಅಂತಾರೆ. ಇಂಟರ್‌ವಲ್ ಹೊತ್ತಿಗೆ ಡ್ಯುಯೆಟ್ಟು!”

ರಟ್ಟೆ ಹಿಡಿದು ಅವನನ್ನು ಎಳೆದುಕೊಂಡು ಬಂದೆ. 2022ರಲ್ಲಿ ಬಂದ ಕಾನೂನಿನಂತೆ ಬೀದಿಯಲ್ಲಿ ಲೈಂಗಿಕವಾಗಿ ಕಾಡಿಸುವುದು ಸ್ಪೇನಿನಲ್ಲಿ ಅಪರಾಧ. ಆದರೆ ನನ್ನ ಬಾಯಿ ಕಟ್ಟಿಸಿದ್ದು ಕಾನೂನಲ್ಲ. ಹೀರೋ ಹುಡುಗಿಯ ಬೆನ್ನುಬೀಳುವ ದೃಶ್ಯಗಳನ್ನು ‘ಮನಸೆಳೆಯುವ ತುಂಟಾಟ’ ಅಂತ ಎಷ್ಟೋ ವಿಮರ್ಶೆಗಳಲ್ಲಿ ಬರೆದವನು ನಾನೇ. ಆ ಹುಡುಗ ಓದಿದ್ದು ಅಂಥದ್ದನ್ನೇ.

ಬೆಳಿಗ್ಗೆ ನಾನು ಅಜ್ಜಿಗೆ ಹೇಳಿದ ಮಾತನ್ನೇ ಸಂಜೆ ಅವಳು ನಮಗೆ ಹೇಳಿದಳು. ಅಜ್ಜಿಗೆ ಒಂದು ಸಲ ಹೇಳಿದ್ದು ಸಾಕಾಗಿತ್ತು. ಎದ್ದು ಹೋದ ಹುಡುಗಿಯ ಹಿಂದೆ ಹೋದವರು ನಾವು.