ಕೆನ್ನೆಯ ಮೇಲೊಂದು ಹುಲಿ

ರಂಗೋಲಿ ಚೆನ್ನಾಗಿ ಬಿಡಿಸುವವರಿಗೆ ನಮ್ಮಲ್ಲಿ ಒಂದು ಸಂಕಟ ತಪ್ಪಿದ್ದಲ್ಲ. ಊರಿನಲ್ಲಿ ಬಣ್ಣ, ಕುಂಚ ಬೇಕಾಗುವ ಯಾವ ಕೆಲಸ ಬಂದರೂ ಎಲ್ಲರ ಕಣ್ಣು ಬೀಳುವುದು ಅವರ ಮೇಲೆಯೇ. ಮದುವೆಮನೆಯ ಮೆಹೆಂದಿ, ಮಹಿಳಾ ಸಮಾಜದ ಬ್ಯಾನರು, ಗಣಪತಿ ಪೆಂಡಾಲಿನ ಥರ್ಮೋಕೋಲ್ ಎಲ್ಲ ಮುಗಿಯಿತು ಅನ್ನುವಾಗ ಶಾಲೆಯ ವಾರ್ಷಿಕೋತ್ಸವ ಬರುತ್ತದೆ. “ನಿಮಗೇನಕ್ಕಾ ಕಷ್ಟ, ನಾಲ್ಕು ಗೆರೆ ಎಳೆದರೆ ಹುಲಿ, ಎರಡು ರೆಕ್ಕೆ ಬರೆದರೆ ಚಿಟ್ಟೆ” ಎಂದು ಸಾಲಾಗಿ ಮಕ್ಕಳನ್ನು ತಂದು ಕೂರಿಸುತ್ತಾರೆ. ನೆಲಕ್ಕೆ ಕಚಗುಳಿ ಆಗುವುದಿಲ್ಲ, ಅದು ಸೀನುವುದಿಲ್ಲ, ‘ಆಂಟಿ ಆಯ್ತಾ’ ಎಂದು ಕೇಳುವುದೂ ಇಲ್ಲ ಎಂಬುದು ಕೇಳುವವರಿಗೆ ಗೊತ್ತಿರುವುದಿಲ್ಲ.

ಹೀಗೆ ಸಿಕ್ಕಿಕೊಂಡವರು ಮೊದಲು ಮಾಡುವುದು ಮೊಬೈಲ್ ತೆರೆಯುವುದು. ನಾನೂ ಅದನ್ನೇ ಮಾಡಿದೆ. ಮುಖಕ್ಕೆ ಬರೆಯುವ ವಿಡಿಯೊಗಳಿಗೆ ಬರವೇನಿಲ್ಲ. ಆದರೆ ಹೆಚ್ಚಿನವು ಒಂದೇ ಓಟದಲ್ಲಿ ಓಡುತ್ತವೆ. ಖಾಲಿ ಕೆನ್ನೆ ಕಂಡಿತು ಅನ್ನುವಷ್ಟರಲ್ಲಿ ನವಿಲು ಗರಿಗೆದರಿರುತ್ತದೆ. ಬಣ್ಣ ಒಣಗಲು ಕಾದದ್ದು, ಸೊಟ್ಟಗಾದ ಹುಬ್ಬನ್ನು ಒರೆಸಿದ್ದು, ಮಗುವನ್ನು ಪುಸಲಾಯಿಸಿದ್ದು ಎಲ್ಲ ಕತ್ತರಿಗೆ ಬಲಿ. ಕಲಿಯುವವರಿಗೆ ಬೇಕಾದದ್ದು ಆ ಕತ್ತರಿಸಿದ ಭಾಗವೇ. ವಿನ್ಯಾಸಗಳ ಯೋಚನೆಗೆ ಮಾತ್ರ ಮೊಬೈಲ್ ಸಾಕು. ಕೈ ಪಳಗಲು ಸಾಲದು.

ಬಣ್ಣ ಕೊಳ್ಳಲು ಹೋದರೆ ಇನ್ನೊಂದು ಕಥೆ. ಸ್ಟೇಷನರಿ ಅಂಗಡಿಯಾತ ಅಕ್ರಿಲಿಕ್ ಡಬ್ಬಿ ಮುಂದಿಟ್ಟು “ನಾನ್‌ಟಾಕ್ಸಿಕ್ ಅಂತ ಬರೆದಿದೆಯಲ್ಲ ಮೇಡಂ” ಅನ್ನುತ್ತಾನೆ. ಅದು ಕಾಗದಕ್ಕೂ ಕ್ಯಾನ್ವಾಸಿಗೂ ಸಲ್ಲುವ ಮಾತು. ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ ಪೊರೆ. ಕೀಳುವಾಗ ಚರ್ಮವನ್ನೂ ಎಳೆಯುತ್ತದೆ. ಮುಖಕ್ಕೆಂದೇ ಮಾಡಿದ, ನೀರು ತಾಗಿಸಿ ಬಳಸುವ ಬಿಲ್ಲೆ ಬಣ್ಣಗಳು ಬೇರೆಯೇ ಇವೆ. ನಾಟಕದ ಮೇಕಪ್‌ನವರ ಪೆಟ್ಟಿಗೆಯಲ್ಲಿ ಕಾಣುವ ಬರ್ಲಿನ್ ಮೂಲದ ಕ್ರಯೋಲಾನ್ ಅಂಥ ಒಂದು ಹೆಸರು. ಮಿನುಗಿನ ಪುಡಿಯೂ ಹಾಗೆಯೇ: ಗ್ರೀಟಿಂಗ್ ಕಾರ್ಡಿಗೆ ಉದುರಿಸುವುದನ್ನು ಕಣ್ಣಿನ ಹತ್ತಿರ ತರಬಾರದು. ಎಂಥ ಒಳ್ಳೆಯ ಬಣ್ಣವಾದರೂ ಹಿಂದಿನ ದಿನ ಮಗುವಿನ ಮುಂಗೈ ಒಳಭಾಗಕ್ಕೆ ಒಂದು ಚುಕ್ಕೆ ಹಚ್ಚಿ ನೋಡುವುದು ಲೇಸು. ಕ್ರಿಕೆಟ್ ಮ್ಯಾಚಿನ ದಿನ ಕ್ರೀಡಾಂಗಣದ ಹೊರಗೆ ಕೆನ್ನೆಗೆ ಬಾವುಟ ಬರೆಯುವವರ ಚುರುಕು ಕೈಯನ್ನು ಮೆಚ್ಚಲೇಬೇಕು, ಆದರೆ ಒಂದೇ ಕುಂಚ, ಒಂದೇ ಮಗ್ ನೀರು, ನೂರಾರು ಕೆನ್ನೆ! ಅದನ್ನು ಮಾತ್ರ ಅವರಿಂದ ಕಲಿಯಬೇಡಿ.

ಹುಲಿಯನ್ನೇ ತೆಗೆದುಕೊಳ್ಳೋಣ, ಮಕ್ಕಳು ಕೇಳುವುದು ಅದನ್ನೇ. ಸ್ಪಂಜನ್ನು ಹಿಂಡಿದರೆ ಹನಿ ಬೀಳದಷ್ಟು ಮಾತ್ರ ಒದ್ದೆ ಇರಬೇಕು. ಮೊದಲು ಬಿಳಿ: ಕಣ್ಣಿನ ಮೇಲೆ, ಮೂಗಿನ ಕೆಳಗೆ ಬಾಯಿಯ ಎರಡೂ ಪಕ್ಕ, ಗದ್ದ. ಉಳಿದೆಡೆ ಹಳದಿ, ಅಂಚಿಗೆ ಬಂದಂತೆ ಕಿತ್ತಳೆ. ಕಪ್ಪು ಕಟ್ಟಕಡೆಗೆ, ಮೊದಲೇ ಮುಟ್ಟಿದರೆ ಎಲ್ಲ ಬಣ್ಣಕ್ಕೂ ಮಸಿ ಹತ್ತುತ್ತದೆ. ಪಟ್ಟೆ ಮುಖದ ಅಂಚಿನಲ್ಲಿ ದಪ್ಪಗೆ ಹೊರಟು ಒಳಗೆ ಬರುತ್ತ ಚೂಪಾಗಬೇಕು. ಅದಕ್ಕೆ ಕುಂಚವನ್ನು ಒತ್ತಿ ಇಟ್ಟು, ಎಳೆಯುತ್ತ ಎತ್ತಬೇಕು. ಈ ಒತ್ತಿ ಎತ್ತುವುದು ಬಂದರೆ ಅರ್ಧ ವಿದ್ಯೆ ಬಂದಂತೆ: ಚಿಟ್ಟೆಯ ರೆಕ್ಕೆ, ಹೂವಿನ ಎಸಳು, ನವಿಲಿನ ಜುಟ್ಟು ಎಲ್ಲದರಲ್ಲೂ ಇದೇ ಗೆರೆ. ನಿಮ್ಮದೇ ಮೊಣಕಾಲಿನ ಚಿಪ್ಪಿನ ಮೇಲೆ ಸಾಧನೆ ಮಾಡಿ, ಅದರ ಉಬ್ಬು ಕೆನ್ನೆಗೆ ಹತ್ತಿರ. ಇನ್ನೊಂದು: ಎಡಗೆನ್ನೆ ಪೂರ್ತಿ ಮುಗಿಸಿ ಆಮೇಲೆ ಬಲಗೆನ್ನೆ ಅನ್ನಬೇಡಿ. ಎಡಕ್ಕೊಂದು ಪಟ್ಟೆ, ಕೂಡಲೇ ಬಲಕ್ಕೆ ಅದರ ಜೋಡಿ. ಮಗು ನಡುವೆ ಎದ್ದು ಓಡಿದರೂ ಬಡಕಲು ಹುಲಿಯಾದರೂ ಆಗಿರುತ್ತದೆ.

ಇಷ್ಟು ಮನೆಯಲ್ಲಿ. ನಿಜವಾದ ಪಾಠಶಾಲೆ ಕರಾವಳಿಯಲ್ಲಿ ಪ್ರತಿ ವರ್ಷ ಚಳಿಗಾಲದಿಂದ ಬೇಸಿಗೆಯವರೆಗೆ ಊರೂರು ಸುತ್ತುತ್ತದೆ. ಯಕ್ಷಗಾನದ ಬಣ್ಣದ ಮನೆಗೆ, ಅಂದರೆ ಚೌಕಿಗೆ, ಒಮ್ಮೆ ಹೋಗಿ ನೋಡಿ. ರಂಗಸ್ಥಳದ ಹಿಂದೆ ಚಪ್ಪರ, ಗಣಪತಿಯ ಮುಂದೆ ದೀಪ, ಎರಡೂ ಬದಿಗೆ ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂತ ಕಲಾವಿದರು, ಪ್ರತಿಯೊಬ್ಬರ ಎದುರೂ ಒಂದು ಕನ್ನಡಿ. ಕಥಕಳಿಯಲ್ಲಿ ನಟ ಅಂಗಾತ ಮಲಗುತ್ತಾನೆ, ಮುಖದ ಅಂಚಿಗೆ ಬಿಳಿ ಚುಟ್ಟಿ ಕಟ್ಟುವವನೇ ಬೇರೆ. ಇಲ್ಲಿ ಹಾಗಲ್ಲ, ಅವರವರ ಮುಖ ಅವರವರದೇ ಜವಾಬ್ದಾರಿ. ತೆಂಗಿನೆಣ್ಣೆ ಸವರಿ, ಬಿಳಿ, ಹಳದಿ, ಕೆಂಪನ್ನು ಅಂಗೈಯಲ್ಲೇ ಕಲಸಿ ಮುಖಕ್ಕೆ ಬಳಿದು, ಮೇಲೆ ಪೌಡರ್ ಒತ್ತಿ, ಹಣೆಗೆ ನಾಮ, ಕಣ್ಣಿಗೆ ಕಾಡಿಗೆ. ಎಳೆಯ ವೀರರ ಪಾತ್ರವಾದ ಪುಂಡುವೇಷದ ಹುಡುಗ ಪಕ್ಕದವನೊಡನೆ ಹರಟುತ್ತಲೇ ಇಷ್ಟನ್ನೂ ಮುಗಿಸುತ್ತಾನೆ.

ಆದರೆ ನೋಡಬೇಕಾದದ್ದು ಬಣ್ಣದ ವೇಷ. ರಾವಣನೋ ಮಹಿಷಾಸುರನೋ ಆಗುವವರು ಹರಟೆಗೆ ಸಿಗುವುದಿಲ್ಲ. ಕೆಂಪು, ಕಪ್ಪು ಬರೆದಾದ ಮೇಲೆ ಅಕ್ಕಿಹಿಟ್ಟು, ಸುಣ್ಣ ಕಲಸಿದ ಬಿಳಿಯನ್ನು ಸಣ್ಣ ಕಡ್ಡಿಯ ತುದಿಯಲ್ಲಿ ತೆಗೆದು ಗೆರೆಯ ಗುಂಟ ಚುಕ್ಕೆ ಚುಕ್ಕೆಯಾಗಿ ಇಡುತ್ತ ಹೋಗುತ್ತಾರೆ. ಒಂದು ಸುತ್ತು ಒಣಗಬೇಕು, ಅದರ ಮೇಲೆ ಇನ್ನೊಂದು. ಹೀಗೆ ಏರುತ್ತ ಏರುತ್ತ ಮುಖದ ತುಂಬ ಬಿಳಿ ಮುಳ್ಳುಗಳು ಏಳುತ್ತವೆ. ಆ ಹೊತ್ತಿನಲ್ಲಿ ನಗುವಂತಿಲ್ಲ, ನಕ್ಕರೆ ಬಿರುಕು. ಮೂರು ನಾಲ್ಕು ಗಂಟೆ ಕನ್ನಡಿಯೊಳಗಿನ ತಮ್ಮನ್ನೇ ದಿಟ್ಟಿಸುತ್ತ ಕೂತವರಿಗೆ ತಮ್ಮ ಹುಬ್ಬು ಎಲ್ಲಿ ಮೇಲೇಳುತ್ತದೆ, ಗರ್ಜಿಸುವಾಗ ಕೆನ್ನೆ ಎಲ್ಲಿಗೆ ಸರಿಯುತ್ತದೆ ಎಂಬುದು ಬಾಯಿಪಾಠವಾಗಿರುತ್ತದೆ. ಗೆರೆ ಬೀಳುವುದು ಅದರ ಲೆಕ್ಕದಲ್ಲೇ. ನಿಂತ ಮುಖಕ್ಕೆ ಬರೆಯುವುದು ಸುಲಭ. ಆಡುವ ಮುಖಕ್ಕೆ ಬರೆಯುವುದನ್ನು ನಾನು ಕಂಡದ್ದು ಚೌಕಿಯಲ್ಲಿ ಮಾತ್ರ.

ಓದಿ ತಿಳಿಯುವವರಿಗೆ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಇದೆ, 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಕೂತು ಕಲಿಯುವವರಿಗೆ ಉಡುಪಿಯ ಯಕ್ಷಗಾನ ಕೇಂದ್ರವಿದೆ. ನಾಟಕದ ಪ್ರಸಾಧನದ ಕಡೆಗೆ ಒಲವಿದ್ದರೆ ಹೆಗ್ಗೋಡಿನ ನೀನಾಸಂ ಇದೆ.

ಹಳೆಯದೆಲ್ಲ ಒಳ್ಳೆಯದು ಎಂದು ಮಾತ್ರ ಹೊರಡಬಾರದು. ಹಿಂದಿನವರು ಹಳದಿಗೆ ಬಳಸುತ್ತಿದ್ದ ಅರದಾಳ ಆರ್ಸೆನಿಕ್ ಇರುವ ಖನಿಜ, ಕೆಂಪಿಗೆ ಬಳಸುತ್ತಿದ್ದ ಇಂಗಳೀಕದಲ್ಲಿ ಪಾದರಸ. ‘ನೈಸರ್ಗಿಕ’ ಅನ್ನುವ ಮಾತಿಗೆ ಮರುಳಾಗುವವರು ಇದನ್ನು ನೆನಪಿಡಬೇಕು. ಉಡುಪಿಯ ಕೃಷ್ಣಾಷ್ಟಮಿಯ ವಿಟ್ಲಪಿಂಡಿಗೆ, ಮಂಗಳೂರು ದಸರಾಕ್ಕೆ ಹುಲಿವೇಷ ಹಾಕುವವರ ಮೈಮೇಲಿನ ಹೊಳಪೂ ಇನಾಮಲ್ ಪೇಂಟಿನದು. ಅಡ್ಡಕೋಲಿಗೆ ಕೈಚಾಚಿ ಗಂಟೆಗಟ್ಟಲೆ ನಿಂತು ಬರೆಸಿಕೊಳ್ಳುತ್ತಾರೆ, ಕುಣಿತ ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ತಿಕ್ಕಿ ತೆಗೆಯುತ್ತಾರೆ. ಹರಕೆ ಹೊತ್ತ ದೊಡ್ಡವರು ತಡೆದುಕೊಂಡಾರು, ಒಂದನೇ ಕ್ಲಾಸಿನ ಮಗು ಯಾಕೆ ತಡೆದುಕೊಳ್ಳಬೇಕು? ಅವರ ಪಟ್ಟೆಯ ಓಟವನ್ನು ನೋಡಿ ಕಲಿಯಿರಿ, ಡಬ್ಬಿಯನ್ನು ಅಲ್ಲೇ ಬಿಡಿ.

ಭೂತಾರಾಧನೆಯ ದೈವದ ಮುಖವನ್ನಂತೂ ಪೂರ್ತಿ ಬಿಟ್ಟುಬಿಡಿ. 2022ರಲ್ಲಿ ‘ಕಾಂತಾರ’ ಸಿನಿಮಾ ಬಂದ ಮೇಲೆ ವೇಷಭೂಷಣ ಸ್ಪರ್ಧೆಗಳಲ್ಲಿ, ಥಿಯೇಟರಿನ ಬಾಗಿಲಲ್ಲಿ ದೈವದ ಬಣ್ಣ ಹಚ್ಚಿಕೊಂಡವರು ಹೆಚ್ಚಿದರು. ಕಡೆಗೆ ಚಿತ್ರತಂಡದವರೇ ಅನುಕರಿಸಬೇಡಿ ಎಂದು ಕೇಳಿಕೊಳ್ಳಬೇಕಾಯಿತು. ದೈವಕ್ಕೆ ನಡೆಸುವ ನೇಮದಲ್ಲಿ ಆ ಬಣ್ಣ ಹಚ್ಚುವ ಹಕ್ಕೂ ಹೊಣೆಯೂ ಕೆಲವರದು. ಊರವರು ಅದರ ಮುಂದೆ ಕೈಮುಗಿದು ನಿಲ್ಲುತ್ತಾರೆ. ಮಕ್ಕಳಿಗೆ ಹುಲಿ ಇದೆ, ಹನುಮಂತ ಇದ್ದಾನೆ, ಮುದ್ದುಕೃಷ್ಣ ಇದ್ದಾನೆ. ಕೊರತೆಯೇನು?

ಯಕ್ಷಗಾನದ ಮೇಳಗಳು ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಡುತ್ತವೆ, ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಕಲಿಯುವ ಮನಸ್ಸಿದ್ದವರು ಆ ನಡುವೆ ಒಂದು ಸಂಜೆ ಆಟ ಶುರುವಾಗುವ ಮೊದಲೇ ಹೋಗಿ, ಮೇಳದವರ ಒಪ್ಪಿಗೆ ಕೇಳಿ, ಚಪ್ಪಲಿ ಹೊರಗೆ ಬಿಟ್ಟು ಒಂದು ಮೂಲೆಯಲ್ಲಿ ಕೂತುಕೊಳ್ಳಿ. ಕಲಾವಿದರ ಬೆಳಕಿಗೆ ಅಡ್ಡ ಬರಬೇಡಿ, ಫೋನನ್ನು ಚೀಲದಲ್ಲೇ ಇಡಿ. ಬಯಲಾಟಕ್ಕೆ ಟಿಕೆಟ್ ಇರುವುದಿಲ್ಲ.